ಹೇಳದೆ ಇಟ್ಟುಕೊಂಡ ಸ್ಕೋರು

ಜುಬೈಲಿನ ಕ್ಯಾಂಪಿನಲ್ಲಿ ಟೆಲೆಕ್ಸ್ ಕೋಣೆ ನನ್ನದು.
ಎಂಬತ್ತೈದರ ಚಳಿಗಾಲ.
ಹೊರಗೆ ಗ್ಯಾಸಿನ ಬೆಂಕಿ, ನಡುರಾತ್ರಿ ಕಾಗದ ಓದುವಷ್ಟು ಬೆಳಕು.
ಒಳಗೆ ಕಟಕಟ ಹಲ್ಲು ಕಡಿಯುವ ಯಂತ್ರ.
ವಾರಕ್ಕೊಮ್ಮೆ ಅದು ಎರಡು ಲೆಕ್ಕ ಉಗುಳುತ್ತಿತ್ತು:
ಪೀಪಾಯಿ ಎಣ್ಣೆಗೆ ಎಷ್ಟು,
ಶಿಕಾಗೋದ ಕರಡಿಗಳಿಗೆ ಎಷ್ಟು.

ಲಿಂಡ್‌ಕ್ವಿಸ್ಟ್ ಸಾಹೇಬ ಮೊದಲ ವಾರವೇ ಬಾಗಿಲಲ್ಲಿ ನಿಂತು ಹೇಳಿದ್ದ:
"ಎಣ್ಣೆಯದ್ದು ಕೊಡು. ಆಟದ್ದು ಹರಿದು ನಿನ್ನ ಜೇಬಿಗೆ ಹಾಕಿಕೋ.
ನಗಬೇಡ. ಸಪ್ಪೆ ಮುಖವೂ ಬೇಡ."
ಅವನ ಹೆಂಡತಿ ಟೀವಿಯಿಂದ ಹಿಡಿದು ಕಳಿಸಿದ ಕ್ಯಾಸೆಟ್ಟು
ದಮ್ಮಾಮಿನ ಕಸ್ಟಮ್ಸಿನಲ್ಲಿ ಮೈಯೆಲ್ಲ ತೋರಿಸಿ
ನಮ್ಮಲ್ಲಿಗೆ ಬರಲು ಹನ್ನೊಂದು ದಿನ, ಕೆಲವೊಮ್ಮೆ ಹದಿನೈದು.
ಕುಣಿವ ಹುಡುಗಿಯರ ಜಾಗದಲ್ಲೆಲ್ಲ ಪರದೆ ತುಂಬ ಮಂಜು,
ಯಾರೋ ಶ್ರದ್ಧೆಯಿಂದ ಅಳಿಸಿದ್ದು.
ಮೆಸ್ಸಿನಲ್ಲಿ ಆ ಮಂಜಿಗೇ ಹೆಚ್ಚು ಸಿಳ್ಳೆ.

ಆಟ ನಮಗೆ ಯಾರಿಗೆ ಗೊತ್ತಿತ್ತು?
ಫುಟ್‌ಬಾಲ್ ಅಂತೆ, ಕಾಲಿಗೆ ಚೆಂಡು ತಾಗುವುದೇ ಅಪರೂಪ.
ಚೆಂಡೂ ಉರುಟಲ್ಲ, ಸುಲಿಯದ ತೆಂಗಿನಕಾಯಿ.
"ಜಗಳ, ನಡುನಡುವೆ ಪಂಚಾಯ್ತಿ" ಎಂದ ಅಡುಗೆಯ ಮೊಯ್ದಿನ್ ಕುಂಞಿ.
ವೆಲ್ಡರ್ ದೂಮಪ್ಪ ಮಾತ್ರ ಮುಂದೆ ಬಾಗಿ ನೋಡಿದ.
ಊರಲ್ಲಿ ಕಬಡ್ಡಿಗೆ ಮೂಲೆ ಕಾಯುತ್ತಿದ್ದವ.
"ಉಸಿರು ಕಟ್ಟದ ಕಬಡ್ಡಿ ಮಾರಾಯ.
ಚೆಂಡಿದ್ದವನನ್ನಲ್ಲ, ಅವನನ್ನು ಹಿಡಿಯುವವರನ್ನು ನೋಡು."
ಆಮೇಲೆ ನಮಗೂ ಕಂಡಿತು,
ಆ ಕಡುನೀಲಿ ಅಂಗಿಗಳು
ಚೆಂಡು ಹಿಡಿದವನು ಯೋಚಿಸುವ ಮೊದಲೇ
ಅವನ ಯೋಚನೆಯ ಮೇಲೆ ಬೀಳುವುದು.

ಹನ್ನೆರಡು ಆಟ, ಹನ್ನೆರಡೂ ಗೆಲುವು.
ಗೆಲುವಿನ ಗುಟ್ಟು ಹೊರುವುದು ಸುಲಭ,
ಜೇಬಿನಲ್ಲಿ ಬೆಲ್ಲದಚ್ಚು ಇದ್ದ ಹಾಗೆ.

ಹದಿಮೂರನೆಯದು ಡಿಸೆಂಬರಿನ ಒಂದು ಮಂಗಳವಾರ ಬಂತು:
ಮಿಯಾಮಿ ಮೂವತ್ತೆಂಟು, ಕರಡಿಗಳು ಇಪ್ಪತ್ನಾಲ್ಕು.
ಇಡೀ ಕ್ಯಾಂಪಿನಲ್ಲಿ ನನಗೊಬ್ಬನಿಗೇ ಗೊತ್ತಿದ್ದ ಸೋಲು.
ಊಟದ ಸಾಲಿನಲ್ಲಿ ಸಾಹೇಬ ಹುಬ್ಬು ಹಾರಿಸಿದರೆ
ನಾನು ಸಾರಿನೊಳಗೆ ಮೀನಿನ ಮುಳ್ಳು ಹುಡುಕುತ್ತಿದ್ದೆ.
ಕ್ಯಾಸೆಟ್ಟು ನೋಡಿದ ಮರುದಿನ ಅವನು ಮತ್ತೆ ಬಾಗಿಲಲ್ಲಿ:
"ನಿನಗೆ ಗೊತ್ತಿತ್ತು."
"ಗೊತ್ತಿತ್ತು ಸರ್."
"ನಂಬಬಹುದು ನಿನ್ನನ್ನು, ಸಿಪ್ರಿಯನ್."
ಹೆಗಲು ತಟ್ಟಿದ.
ಆ ತಟ್ಟಿದ್ದೇ ನನ್ನನ್ನು ಕೆಡಿಸಿತೋ ಏನೋ.

ಆಮೇಲೆ ಅವರು ಸೋಲಲೇ ಇಲ್ಲ.
ಸೋತದ್ದು ಎಣ್ಣೆ. ಇಪ್ಪತ್ತಾರು, ಇಪ್ಪತ್ತು, ಹದಿನೇಳು.
ಫೈನಲ್ಲಿಗೆ ಮೊದಲಿನ ಎರಡು ಆಟದಲ್ಲಿ ಎದುರಾಳಿಗೆ ಸೊನ್ನೆ, ಮತ್ತೆ ಸೊನ್ನೆ.
ನಮ್ಮ ಸೈಟಿನಲ್ಲಿ ಕ್ರೇನುಗಳು ಒಂದೊಂದಾಗಿ
ಕತ್ತು ಇಳಿಸಿ ನಿಂತವು.

ಫೈನಲ್ಲಿನ ಕ್ಯಾಸೆಟ್ಟು ಬಂದದ್ದು ಫೆಬ್ರವರಿಯ ಬುಧವಾರ.
ಅದೇ ಮಧ್ಯಾಹ್ನ ಯಂತ್ರ ಇನ್ನೊಂದು ಪಟ್ಟಿ ಉಗುಳಿತ್ತು:
ಅರವತ್ತೊಂದು ಹೆಸರು, ಬ್ಯಾಡ್ಜಿನ ನಂಬರು ಸಮೇತ.
ರಜೆ ಮುಗಿದು ಶನಿವಾರ ಹಂಚಬೇಕು, ಅಲ್ಲಿಯವರೆಗೆ ಬಾಯಿ ಮುಚ್ಚಬೇಕು.
ಒಂಬತ್ತನೆಯದು ದೂಮಪ್ಪ.
ಕೊನೆಯದು ಲಿಂಡ್‌ಕ್ವಿಸ್ಟ್.

ರಾತ್ರಿ, ನಲವತ್ತಾರಕ್ಕೆ ಹತ್ತು.
ಇಬ್ಬರೂ ಒಂದೇ ಬೆಂಚಿನಲ್ಲಿ.
ಪ್ರತಿ ಹಿಡಿತಕ್ಕೂ ದೂಮಪ್ಪ ತೊಡೆ ತಟ್ಟುತ್ತಿದ್ದ,
ತನ್ನದಲ್ಲ, ಸಾಹೇಬನದು.
ಮೊಯ್ದಿನ್ ಕುಂಞಿ ಯಾರ ಅಪ್ಪಣೆಯೂ ಕೇಳದೆ
ನಾಳೆಯ ಕೋಳಿಯನ್ನೂ ಹುರಿದು ತಂದಿಟ್ಟ.
ನಾನು ಗೋಡೆಗೆ ಒರಗಿ, ಜೇಬಿನಲ್ಲಿ ಮಡಚಿದ ಕಾಗದ,
ಗೆರೆ ದಾಟಿ ಒಳಗೆ ಹೋದವನು
ಹಿಂದಿರುಗುವ ದಾರಿ ಕಾಣದೆ
ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇರುವ ಹಾಗೆ.
"ಎಂತದಾ? ಸ್ಕೋರು ನಿನಗೆ ಮೊದಲೇ ಗೊತ್ತಿತ್ತಲ್ಲ,
ಈಗಲಾದರೂ ನಗು" ಎಂದರು ಯಾರೋ.
ನಕ್ಕೆ.

ಆ ಕ್ಯಾಸೆಟ್ಟು ಸಾಹೇಬ ನನಗೇ ಬಿಟ್ಟುಹೋದ.
ಈಗ ಖೋಬಾರಿನ ಈ ಬಾಡಿಗೆ ಕೋಣೆಯಲ್ಲಿ ಅದಕ್ಕೆ ಯಂತ್ರವಿಲ್ಲ;
ಇದ್ದಿದ್ದರೂ ಹಾಕುತ್ತಿರಲಿಲ್ಲ.

ಶನಿವಾರ ಕಾಗದ ಕೊಟ್ಟಾಗ
ದೂಮಪ್ಪ ಅದನ್ನು ಬೆಳಕಿಗೆ ಹಿಡಿದ.
ಇಂಗ್ಲಿಷ್ ಬಾರದು, ಅಂಕಿ ಬರುತ್ತಿತ್ತು.
ಬುಧವಾರದ ತಾರೀಖು ತಲೆಯಲ್ಲೇ ಇತ್ತು, ಕಪ್ಪಾಗಿ.
ಅದರ ಮೇಲೆ ಸುಟ್ಟ ಕಲೆಯ ಹೆಬ್ಬೆರಳಿಟ್ಟು ಮುಚ್ಚಿ
"ಆಟ ಒಳ್ಳೆಯದಿತ್ತು ಮಾರಾಯ" ಎಂದ.