ಹತ್ತೊಂಬತ್ತು ಪೊದೆ

ರಾತ್ರಿ ಪಾಳಿ. ಜೆಲ್ ಓಡಿಸುವ ಕೆಲಸ ನನ್ನದು.
ಔಂಧ್ ರಸ್ತೆಯ ಪ್ರಯೋಗಶಾಲೆ, ಎರಡನೆಯ ಮಹಡಿ,
ಕೆಳಗೆ ವಾಚ್‌ಮನ್ನನ ಮರಾಠಿ ರೇಡಿಯೋ.

ಎಲೆ ಅರೆದು, ಸೋಸಿ, ಗಿರಗಿರ ತಿರುಗಿಸಿ
ಹನಿಯಷ್ಟು ಗಿಡವನ್ನು ಕುಳಿಗೆ ಬಿಟ್ಟು
ಕರೆಂಟು ಕೊಟ್ಟರೆ
ನೇರಳೆ ಬೆಳಕಲ್ಲಿ ಗೆರೆಗೆರೆಯಾಗಿ ನಿಲ್ಲುತ್ತದೆ
ಅದರ ಕುಲ.

ಸಿಂಹಗಡದ ಗೆರೆಗಳು ಒಂದರಂತೆ ಒಂದಿಲ್ಲ,
ಸಂತೆಗೆ ಬಂದ ಹೆಂಗಸರ ಸೀರೆಯಂಚು.
ಪುರಂದರದಲ್ಲೂ ಅದೇ ಗದ್ದಲ.
ವಾಘೋಲಿಯ ಖಡಿ ಮಶೀನಿನ ಹಿಂದೆ
ಉಳಿದಿರುವ ಅರ್ಧ ಗುಡ್ಡದ್ದು—
ಹತ್ತೊಂಬತ್ತು ಪೊದೆ, ಹತ್ತೊಂಬತ್ತು ಕುಳಿ,
ಒಂದೇ ಏಣಿ.

ಎಲ್ಲೋ ತಪ್ಪಿದೆನೆಂದು ಮತ್ತೆ ಓಡಿಸಿದೆ.
ಅದೇ ಏಣಿ.

ಕರಂದೀಕರ್ ಮೇಡಂ ಕನ್ನಡಕ ಹಣೆಗೇರಿಸಿದರು:
ಸುತ್ತ ಕಟ್ಟಡ ಎದ್ದವು, ಜೇನು ದಾಟುವುದಿಲ್ಲ.
ಹೂವೇನೋ ಬಿಡುತ್ತದೆ. ಬೀಜ ಪೊಳ್ಳು.

ಅವ್ವನನ್ನು ಕೊಟ್ಟದ್ದು ಅವಳ ಸೋದರಮಾವನಿಗೆ,
ಅಕ್ಕನನ್ನು ನಮ್ಮ ಸೋದರಮಾವನಿಗೆ.
‘ಹೊರಗ ಯಾಕ ಕೊಡೂದು? ಹೊಲ ಒಡೀತದ,
ಬಂಗಾರ ಮಂದಿ ಮನಿಗಿ ಹೋಗ್ತದ.’
ಅಕ್ಕಲಕೋಟೆಯ ನಾಲ್ಕೂವರೆ ಎಕರೆ
ಇಡಿಯಾಗಿ ಉಳಿಯಿತು.
ತಮ್ಮ ರೇವಣ್ಯಾ ಕಿವುಡನಾಗಿ ಹುಟ್ಟಿದ.
ಅಕ್ಕನ ತೊಟ್ಟಿಲು ಎರಡು ಸಲ ಕಟ್ಟಿ
ಎರಡು ಸಲ ಬಿಚ್ಚಿದರು.
ನನಗೂ ಒಬ್ಬನನ್ನು ತೆಗೆದಿಟ್ಟಿದ್ದರು;
ಪುಣೆಯ ರೈಲು ಹತ್ತಿದೆ.

ಹಾಗಾದರೆ ಬೆರೆಸಬಹುದಲ್ಲ ಮೇಡಂ,
ಆ ಗುಡ್ಡದ್ದು ಈ ಗುಡ್ಡಕ್ಕೆ?
ಅವಸರ ಬೇಡ, ಅಂದರು.
ಒಂಟಿಯಾಗಿದ್ದದ್ದು ಏನನ್ನು ಬಚ್ಚಿಟ್ಟಿದೆಯೋ,
ಬೆರೆಸಿದ ಮೇಲೆ ಮರಳಿ ಸಿಗದು.
ಮೊದಲು ಎಣಿಸೋಣ. ಅನುಮತಿ ಬರಲಿ.
ಹ್ಞೂಂ ಅಂದೆ. ಅವರು ಹೇಳಿದ್ದು ಸುಳ್ಳಲ್ಲ.

ಭಾನುವಾರ ರೇವಣ್ಯಾನ ಜೊತೆ ಗುಡ್ಡ ಹತ್ತಿದೆ.
ಅವನು ಬಂಡೆಗೆ ಅಂಗೈ ಊರಿ ನಿಂತ:
ಕಲ್ಲು ಪುಡಿಯಾಗುವುದು ಅವನಿಗೆ ಅಲ್ಲಿ ಕೇಳಿಸುತ್ತದೆ.
ಎಲೆಗಳ ಮೇಲೆ ಬಿಳಿ ಧೂಳು.
ಹತ್ತೊಂಬತ್ತರಲ್ಲಿ ಹದಿನೇಳು ಇದ್ದವು.

ಕಣ್ಣಿನ ಔಷಧಿಯ ಖಾಲಿ ಶೀಷೆಯಲ್ಲಿ
ಪುರಂದರದ ಪರಾಗ, ಹಳದಿ ಚಿಟಿಕೆ.
ಹತ್ತು ರೂಪಾಯಿಯ ಬಣ್ಣದ ಕುಂಚ.
ಒಂದೇ ಹೂವಿಗೆ, ಅಂದುಕೊಂಡೆ.
ಹೂವಿನ ಹತ್ತಿರ ಹೋದ ಕೈ
ಅಲ್ಲೇ ನಿಂತಿತು.

ರೇವಣ್ಯಾ ನೋಡಿದ.
ಧೂಳು ಒರೆಸಲೆಂದೇ ತಂದದ್ದು ಎಂದುಕೊಂಡನೋ ಏನೋ,
ಕುಂಚ ಕಸಿದು ಮೆಲ್ಲಗೆ
ಹೂವಿನ ಬಾಯಿಗೆ ಆಡಿಸಿದ,
ಆಮೇಲೆ ಪಕ್ಕದ ಎಲೆಗೆ, ಆಮೇಲೆ ನನ್ನ ಮೂಗಿಗೆ.
ನಕ್ಕ, ಅವನಿಗೆ ಕೇಳಿಸದ ಆ ನಗು.

ದುಪಟ್ಟಾದ ಅಂಚಿನಿಂದ ಹಸಿರು ದಾರ ಎಳೆದು
ಆ ಹೂವಿನ ತೊಟ್ಟಿಗೆ ಕಟ್ಟಿದೆ.

ಸೋಮವಾರ ವಹಿಯಲ್ಲಿ ಬರೆದೆ: ಹದಿನೇಳು.
ದಾರದ ವಿಷಯ ಬರೆಯಲಿಲ್ಲ.