ಹಾಡು ಯಾವಾಗ ಸುರು ಆಗ್ತದ

ಮೈಲೂರ ರಸ್ತೆಯ ನನ್ನ ಸೌಂಡ್ ಸರ್ವಿಸಿನ ಹಿಂದೆ
ಮೊಟ್ಟೆಯ ಟ್ರೇ ಗೋಡೆಗೆ ಅಂಟಿಸಿದ ಒಂದು ಕೋಣೆ.
ಅಲ್ಲಿ ಎರಡು ವರ್ಷ, ಮೂವರು, ಒಂದು ಆಲ್ಬಮ್.
ಆರು ತುಂಡು. ನಲವತ್ತೊಂಬತ್ತು ನಿಮಿಷ.
ಎಲ್ಲಿಯೂ ಬಾಯಿಲ್ಲ.

ಯಾವ ಭಾಷೆಯ ಬಾಯಿ ಎಂದು ಮೊದಲು ಜಗಳವಾಗಿತ್ತು.
ರುಖಿಯಾ ಸಿಟ್ಟಾಗುವುದು ದಖ್ಖನಿಯಲ್ಲಿ, ಲೆಕ್ಕ ಹಾಕುವುದು ಕನ್ನಡದಲ್ಲಿ.
ಇಮ್ಮಾನುವೇಲನ ಪ್ರಾರ್ಥನೆ ಕನ್ನಡ, ಬೈಗುಳ ತೆಲುಗು.
ನನ್ನವ್ವ ಮಲಗಿಸಿದ್ದು ಮರಾಠಿಯಲ್ಲಿ,
ಹೊಡೆದು ಎಬ್ಬಿಸಿದ್ದು ಕನ್ನಡದಲ್ಲಿ.
“ಮತ್ತ ಅಳೋದು?” ಅಂದ ಇಮ್ಮಾನುವೇಲ.
ಯಾರೂ ಏನೂ ಅನ್ನಲಿಲ್ಲ.
ಅವನು ಕಡ್ಡಿ ಎತ್ತಿಕೊಂಡು ಏಳು ಎಣಿಸಿದ.

ಏಳು. ಎಂಟಲ್ಲ.
ಕತ್ತಲಲ್ಲಿ ಇಳಿಯುವವನ ಕಾಲಿಗೆ
ಇದೆ ಅಂದುಕೊಂಡ ಮೆಟ್ಟಿಲು ಸಿಗದೆ ಹೋದಾಗ ಆಗುವುದು
ಎದೆಗೆ ಆಗಬೇಕು.
ಮೆಥಡಿಸ್ಟ್ ಚರ್ಚಿನಲ್ಲಿ ಹನ್ನೆರಡು ವರ್ಷ
ನಾಲ್ಕಕ್ಕೆ ನಾಲ್ಕು ಬಾರಿಸಿ ಒಳ್ಳೆಯವನೆನಿಸಿಕೊಂಡ ಹುಡುಗ
ನಮ್ಮ ಕೋಣೆಗೆ ಬಂದು ದಿನಕ್ಕೊಂದು ಪೆಟ್ಟು ಕದಿಯುತ್ತಿದ್ದ.

ಎರಡನೆಯದರ ನಡುವೆ ವಿಮಾನವಿದೆ.
ಹನ್ನೊಂದು ಗಂಟೆಗೆ ಏರ್‌ಫೋರ್ಸಿನ ಹುಡುಗರು ಹಾರಲು ಕಲಿಯುತ್ತಾರೆ;
ಇಡೀ ಬೀದರ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಕಾದು,
ಬಿಟ್ಟಲ್ಲಿಂದಲೇ ಮುಂದುವರಿಸುತ್ತದೆ.
ಹದಿನಾಲ್ಕು ಸಲ ಅಳಿಸಿದೆವು.
ಹದಿನೈದನೆಯ ಸಲ ರುಖಿಯಾ
ವಿಮಾನದ ಶ್ರುತಿ ಹುಡುಕಿ ಅದೇ ಮನೆ ಒತ್ತಿ ಹಿಡಿದಳು,
ಅದು ಹೋದ ಮೇಲೂ.

ನಾಲ್ಕನೆಯದಕ್ಕೆ ನೌಬಾದಿನ ಸುರಂಗ ಬಾವಿ.
ಮೈಕಿಗೆ ಹಗ್ಗ ಕಟ್ಟಿ ಇಳಿಬಿಟ್ಟು, ಮೇಲೆ ಕೂತು
ಗಿಟಾರಿನ ಒಂದೇ ತಂತಿ ಮೀಟಿದೆ.
ಕೆಳಗಿನ ನೀರು ಅದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು
ಮೊನೆ ಮುರಿದು ವಾಪಸು ಕೊಟ್ಟಿತು.

ರುಖಿಯಾಳ ಅಬ್ಬಾ, ಬಿದರಿ ಕೆಲಸದ ಖಲೀಲ್ ಚಾಚಾ,
ಮೂರನೆಯದನ್ನು ಒಂಬತ್ತು ನಿಮಿಷ ಕಣ್ಣು ಮುಚ್ಚಿ ಕೇಳಿದರು.
“ಛೊಲೊ ಅದ. ಹಾಡು ಯಾವಾಗ ಸುರು ಆಗ್ತದ?”
“ಮುಗೀತು ಚಾಚಾ.”
ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ
ಇದು ಜಸ್ತವನ್ನು ಕಪ್ಪು ಮಾಡ್ತದ, ಇದು ಮಾಡಲ್ಲ
ಎಂದು ಹೇಳಬಲ್ಲವರು
ಹಲ್ಲಿಗೆ ನಾಲಿಗೆ ಒತ್ತಿಕೊಂಡು ತುಸು ಹೊತ್ತು ಕೂತರು.
ಆಮೇಲೆ ಚಹಾ ಕುಡಿದರು. ಸಕ್ಕರೆ ಕಮ್ಮಿ ಅಂದರು.

ಜಗದೇವಿಗೂ ನನಗೂ ಆಗ ಮಾತಿರಲಿಲ್ಲ.
ಜಗಳ ಮುಗಿದೇ ಎಷ್ಟೋ ದಿನವಾಗಿತ್ತು.
ಉಪ್ಪು, ಗ್ಯಾಸು, ಕರೆಂಟ್ ಬಿಲ್ಲು, ಅಷ್ಟೇ.
ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಧ್ಯಾಹ್ನ
ಆಸ್ಪತ್ರೆಯಿಂದ ಇಬ್ಬರೇ ಹೊರಬಿದ್ದು,
ಮಡಚಿದ ಕುಲಾಯಿ ಅವಳ ಚೀಲದಲ್ಲಿ,
ಅವಳು ಬೆಂಚಿನ ಮೇಲೆ ಕೂತಳು. ನಾನು ಬಸ್ಸು ಕೇಳಲು ಹೋದೆ.
ಕೇಳಿದ ಮೇಲೂ ತಿರುಗಿ ಬರಲಿಲ್ಲ,
ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತೇ ಇದ್ದೆ ಒಂದು ತಾಸು.
ಗಾಣದ ಗಾಲಿಗೆ ಗೆಜ್ಜೆ ಕಟ್ಟಿದ್ದ, ಏಳೇಳು.

ಐದನೆಯದು ಆ ಗೆಜ್ಜೆ.
ಮೂರನೆಯದು ಅಪ್ಪ ಲೂನಾ ಮಾರಿಬಂದ ಸಂಜೆ, ಅಷ್ಟೇ.

ಎಲ್ಲ ಮುಗಿದ ರಾತ್ರಿ ಅಡುಗೆಮನೆಯ ಮಾಡದಲ್ಲಿ
ಫೋನಿಟ್ಟು, ಹಚ್ಚಿ, ಹೊರಗೆ ಕಟ್ಟೆಗೆ ಬಂದೆ.
ಒಳಗೆ ರೊಟ್ಟಿ ತಟ್ಟುವ ಸದ್ದು
ಒಂದನೆಯದನ್ನು ದಾಟಿತು. ವಿಮಾನವನ್ನೂ ದಾಟಿತು.
ಮೂರನೆಯದರಲ್ಲಿ ನಿಂತಿತು.

ಹಿಟ್ಟಿನ ಕೈಯಲ್ಲೇ ಬಂದು ಹೊಸ್ತಿಲಲ್ಲಿ ನಿಂತಳು.
“ಮೂರನೇದು ಹುಮನಾಬಾದ್ ಹೌದಲ್ಲ?”

ಲೂನಾದ ನೀಲಿ ಬಣ್ಣ, ಅಪ್ಪನ ಖಾಲಿ ಕಿಸೆ,
ಎಲ್ಲ ಬಾಯಿಗೆ ಬಂದು ನಿಂತವು.
“ಹೌದು,” ಅಂದೆ.

“ಎಲ್ಲಿ ಹೋಗಿದ್ದಿ ಅವತ್ತ?”

ಒಳಗೆ ಬಾವಿಯ ತಂತಿ ಇನ್ನೂ ಗುಂಯ್ಗುಡುತ್ತಿತ್ತು.
ಐದನೆಯದಕ್ಕೆ ಆರು ನಿಮಿಷವಿತ್ತು.
“ಅಲ್ಲೇ ಇದ್ದೆ. ಕಬ್ಬಿನ ಗಾಡಿ ಹಿಂದ.”

ಅವಳು ಕೂತಳು.
ಹಂಚಿನ ಮೇಲೆ ರೊಟ್ಟಿ ಹೊತ್ತುವ ವಾಸನೆ ಬಂತು.
ಯಾರೂ ಏಳಲಿಲ್ಲ.