ಹನ್ನೆರಡನೆಯ ನಿಮಿಷ

ಕಿರುಬೆರಳಲ್ಲ, ಹೆಬ್ಬೆರಳೂ ಅಲ್ಲ,
ಅದರ ಪಕ್ಕದ್ದು, ಎಡಗಾಲಿನದು,
ಹನ್ನೆರಡನೆಯ ನಿಮಿಷಕ್ಕೆ ಸರಿಯಾಗಿ
ಮಾತು ನಿಲ್ಲಿಸುತ್ತದೆ.
ಆಮೇಲೆ ನೆರೆಯ ಬೆರಳುಗಳು ಒಂದೊಂದಾಗಿ,
ಕರೆಂಟು ಹೋದ ಓಣಿಯ ಹಾಗೆ.

ಎಲಿಪ್ಟಿಕಲ್ ಎಂಬ ಈ ಯಂತ್ರದಲ್ಲಿ
ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ.
ಗಾಣದೆತ್ತಿಗಾದರೂ ಸಂಜೆಗೆ ಹಿಂಡಿ ಸಿಗುತ್ತದೆ.
ನನಗೆ ಸಿಗುವುದು ಕೆಂಪು ಅಂಕಿ:
ನೂರಾ ಎಂಟು ಕ್ಯಾಲೊರಿ,
ಅಂದರೆ ಒಂದೇ ಒಂದು ಚಪಾತಿ, ತುಪ್ಪವಿಲ್ಲದ್ದು.

ಕಿಟಕಿಯಾಚೆ ಸ್ಟೋಕ್ ಪಟ್ಟಣ.
ಬೆಂಕಿ ಆರಿ ಎಷ್ಟೋ ಕಾಲವಾದ ಕುಂಬಾರರ ಆವಿಗೆ
ಬಾಟಲಿಯ ಹಾಗೆ ಹೊಟ್ಟೆ ಬಿಟ್ಟುಕೊಂಡು
ನನ್ನನ್ನೇ ನೋಡುತ್ತದೆ.

ಕಾಲಿಗೆ ಬುದ್ಧಿ ಹೇಳು ಎಂದರೆ
ನಮ್ಮ ಭಾಷೆಯಲ್ಲಿ, ಓಡಿಹೋಗು ಎಂದು.
ಹೇಳಿದೆ.
ಎಲ್ಲಿಗೆ? ಎಂದಿತು ಕಾಲು.
ಪೆಡಲು ಇದ್ದಲ್ಲೇ ಇತ್ತು.

ಹಗಲೆಲ್ಲ ಔಷಧದಂಗಡಿಯ ಕಟ್ಟೆಯ ಹಿಂದೆ ನಿಂತು
ಊರವರ ಆಣಿಗೆ ಪಟ್ಟಿ, ಹಿಮ್ಮಡಿಯ ಬಿರುಕಿಗೆ ಮುಲಾಮು
ಕೊಟ್ಟು ಚಿಲ್ಲರೆ ಎಣಿಸುವವಳು ನಾನು.
ನನ್ನ ಕಾಲಿಗೆ ಮಾತ್ರ ಕಪಾಟಿನಲ್ಲಿ ಏನೂ ಇಲ್ಲ.
ಸಕ್ಕರೆ ಇಲ್ಲ ಎಂದ ಡಾಕ್ಟರು,
ನರ ಸರಿಯಿದೆ ಎಂದ,
ತೂಕದ ಅಂಕಿ ನೋಡಿ ಸುಮ್ಮನೆ ಕೆಮ್ಮಿದ.
ಅರವತ್ತೆರಡು ಪೌಂಡಿನ ಹೊಸ ಶೂ ಬಂತು.
ಅದಕ್ಕೂ ಹನ್ನೆರಡೇ ನಿಮಿಷ.

‘ಏನ್ ಡಕ್, ಕಾಲು ಸತ್ತುಹೋಯ್ತಾ?’
(ಈ ಊರಲ್ಲಿ ಪ್ರೀತಿ ಬಂದರೆ ಎಲ್ಲರೂ ಬಾತುಕೋಳಿಗಳೇ.
ಬೆರಳಿಗೆ ಬೆರಳು ಹೊಲಿದುಕೊಂಡ ಹಕ್ಕಿಗೆ
ಏನು ಗೊತ್ತು ನನ್ನ ಸಂಕಟ.)
ಗ್ಲೆನಿಸ್, ಎಪ್ಪತ್ತಮೂರು,
ಬರ್ಸ್ಲೆಮ್ಮಿನ ದಿಣ್ಣೆಗಳಲ್ಲಿ
ಮೂವತ್ತು ವರ್ಷ ಅಂಚೆ ಹಂಚಿದವಳು.
ರಬ್ಬರು ಚಾಪೆಯ ಮೇಲೆ ಕೂತು
ನನ್ನ ಶೂ ಕಿತ್ತು ತಿರುಗಿಸಿ ನೋಡಿದಳು,
ಅಕ್ಷರ ಅಳಿಸಿದ ಲಕೋಟೆಯನ್ನು ನೋಡಿದ ಹಾಗೆ.

‘ಇಷ್ಟು ಬಿಗಿಯೇ? ಲೇಸು ಕಟ್ಟುವಾಗ ಮೂರನೇ ತೂತು ಬಿಡು.
ತುದಿಗಾಲಲ್ಲಿ ತುಳೀಬೇಡ, ಹಿಮ್ಮಡಿಗೂ ಕೆಲಸ ಕೊಡು.
ಶೂ ಕೊಳ್ಳೋದು ಸಂಜೆ ಹೊತ್ತು,
ಬೆಳಗಿನ ಕಾಲು ಸುಳ್ಳು ಹೇಳುತ್ತೆ.’

ಹೇಳುತ್ತಲೇ ಕಾಲುಚೀಲ ಎಳೆದಳು.
ಬೇಡ ಬೇಡ ಎಂದೆ.
ಹಿರಿಯ ಜೀವ ನನ್ನ ಕಾಲು ಹಿಡಿಯುವುದೇ?
ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕೈ
ಎಲ್ಲಿಡಬೇಕೋ ತಿಳಿಯದೆ ಗಾಳಿಯಲ್ಲೇ ಉಳಿಯಿತು.

ಅಲ್ಲಿ ಕಾಲುಂಗುರ.
ಬೀಳಗಿಯ ಅಕ್ಕಸಾಲಿಗನ ಬೆಳ್ಳಿ, ಮೂರು ಸುತ್ತು,
ಇಪ್ಪತ್ತೇಳು ವರ್ಷ.
ಬೆರಳು ಅದರ ಎರಡೂ ಬದಿಗೆ ಉಬ್ಬಿ
ಮಧ್ಯೆ ಸೊಂಟ ಕಟ್ಟಿಕೊಂಡು ನಿಂತಿತ್ತು.
‘ಇದು ಯಾರ ವಿಳಾಸ?’ ಎಂದಳು ಅಂಚೆಯವಳು.
ಗುರುಪಾದ, ಎಂದೆ.
‘ಅವನ ಕಾಲಲ್ಲಿ ಏನಿದೆ?’

ಅವನ ಕೈಬೆರಳಿನ ಉಂಗುರ ಹೋದದ್ದು
ಬ್ಲ್ಯಾಕ್‌ಪೂಲಿನ ಮರಳಲ್ಲಿ, ಬಂದ ಮೊದಲ ಬೇಸಿಗೆ.
ಒಂದು ದಿನ ಹುಡುಕಿದೆವು, ಐಸ್‌ಕ್ರೀಮು ತಿಂದೆವು, ಬಂದೆವು.
ಅವನ ಯಾವ ಬೆರಳಿಗೂ
ಇವತ್ತಿನವರೆಗೆ ಜೋಮು ಹಿಡಿದದ್ದಿಲ್ಲ.

ಷವರಿನ ಕೆಳಗೆ, ಸೋಪಿನ ನೊರೆಯಲ್ಲಿ,
ಅರ್ಧ ಗಂಟೆ, ಎರಡು ಕೆಟ್ಟ ಬೈಗುಳ.
ಬಂತು.
ಬೆರಳ ಬುಡದಲ್ಲೊಂದು ಬಿಳಿಯ ಗೆರೆ,
ಮದುವೆಯ ದಿನದ ಚರ್ಮ, ಬಿಸಿಲು ಕಾಣದ್ದು.
ಒರೆಸಿದೆ, ಮೆಲ್ಲಗೆ, ಯಾರದೋ ಕೂಸಿನದೆಂಬಂತೆ.
ಲಾಕರು ನಲವತ್ತೊಂದರಲ್ಲಿ, ಕೀಲಿಗೆ ಹಾಕುವ
ಪೌಂಡಿನ ಪಕ್ಕ ಇಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ.
ಬೇಳೆಯಿಂದ ತಲೆಯೆತ್ತಿದ ಗುರುಪಾದ:
‘ಹೌದೇನ? ಇನ್ನೂ ಇತ್ತೇನ ಅದು?’
ನಕ್ಕೆ. ಆಮೇಲೆ ಪಾತ್ರೆ ತೊಳೆಯುವಾಗ
ಅಷ್ಟೊಂದು ನಗುವಂಥದೇನಿರಲಿಲ್ಲ ಅನಿಸಿತು.

ಹಬ್ಬಕ್ಕೆ ಹಾಕುತ್ತೇನೆ, ಮಾರನೆಯ ದಿನ ತೆಗೆಯುತ್ತೇನೆ.
ಸಡಿಲವಾಗಿದೆ, ಅಥವಾ ಬೆರಳು ಕಲಿತಿದೆ.

ಜೋಮು ಹೋಗಿಲ್ಲ.
ಬರುತ್ತದೆ, ಹತ್ತೊಂಬತ್ತಕ್ಕೆ.
ಆ ಏಳು ನಿಮಿಷ ನನ್ನ ಹತ್ತೂ ಬೆರಳು
ಎಣಿಸದೆಯೇ ನನಗೆ ಗೊತ್ತಿರುತ್ತವೆ,
ಆವಿಗೆಯ ಬಾಯಲ್ಲಿ ಚಿಗುರಿದ ಜರೀಗಿಡವೂ ಕಾಣುತ್ತದೆ.
ಮತ್ತೆ ಇರುವೆಗಳು.

‘ಏನ್ ಡಕ್?’
ಬಂತು, ಹತ್ತೊಂಬತ್ತು, ಎಂದೆ.
ಗ್ಲೆನಿಸ್ ಬೆವರು ಒರೆಸಿಕೊಂಡು ಬಗ್ಗಿದಳು:
‘ನಾಲ್ಕನೇ ತೂತೂ ಬಿಟ್ಟು ನೋಡೋಣ.’